ಶಿಕ್ಷಣ ಸಾಲ: ಮೊದಲು ತೀರಿಸುವುದೇ, ಹೂಡುವುದೇ?

ಕಳೆದ ತಿಂಗಳು ಜುಮಾ ನಮಾಝ್ ಮುಗಿದು ಜನರು ಚದುರುತ್ತಿದ್ದಾಗ ಮಸೀದಿಯ ಜಗಲಿಯಲ್ಲಿ ಯುವಕನೊಬ್ಬ ನನ್ನನ್ನು ತಡೆದು ನಿಲ್ಲಿಸಿದ. ಆತ ಬೆಂಗಳೂರಿನಲ್ಲಿ ಇಂಜಿನಿಯರ್. ಕೆಲಸಕ್ಕೆ ಸೇರಿ ಒಂದು ವರ್ಷ ದಾಟಿದೆ. ನಾಲ್ಕು ವರ್ಷಗಳ ಓದಿಗಾಗಿ ಬ್ಯಾಂಕಿನಿಂದ ಏಳೂವರೆ ಲಕ್ಷ ರೂಪಾಯಿ ಸಾಲ ಪಡೆದಿದ್ದ. ಓದಿನ ಕಾಲದ ಬಡ್ಡಿಯೂ ಸೇರಿಕೊಂಡು, ಕಂತು ಆರಂಭವಾಗುವ ಹೊತ್ತಿಗೆ ಅದು ಹತ್ತು ಲಕ್ಷವಾಗಿ ನಿಂತಿದೆ. ತಂದೆ ಸಹ-ಸಾಲಗಾರರು, ತಂದೆಯ ಗೆಳೆಯರೊಬ್ಬರು ಜಾಮೀನುದಾರರು. ತಿಂಗಳ ಕಂತು ಕಟ್ಟಿ, ಮನೆಗೆ ಕಳುಹಿಸಿ, ತನ್ನ ಖರ್ಚನ್ನು ಕಳೆದು ಆತನ ಕೈಯಲ್ಲಿ ಹತ್ತು ಸಾವಿರ ರೂಪಾಯಿ ಉಳಿಯುತ್ತದೆ.

ಆ ಹತ್ತು ಸಾವಿರದ ಬಗ್ಗೆಯೇ ಆತನ ಪ್ರಶ್ನೆ. ಬ್ಯಾಂಕಿನ ಬಡ್ಡಿ ಶೇಕಡಾ 10, ಮಾರುಕಟ್ಟೆ ದೀರ್ಘಕಾಲದಲ್ಲಿ ಶೇಕಡಾ 12 ಕೊಡುತ್ತದೆ, ಹಾಗಿರುವಾಗ ಸಾಲವನ್ನು ಅವಧಿಗೆ ಮುನ್ನ ತೀರಿಸುವುದು ಜಾಣತನವಲ್ಲ ಎಂದು ಸಹೋದ್ಯೋಗಿಗಳು ಹೇಳುತ್ತಾರಂತೆ. ಶರೀಅತ್ ನಿಯಮಗಳಿಗೆ ಅನುಸಾರವಾದ ಮ್ಯೂಚುವಲ್ ಫಂಡ್‌ಗಳು ಇವೆಯಲ್ಲ, ಅದರಲ್ಲಿ ಹೂಡಿದರೆ ತಪ್ಪೇನು ಎಂದು ಆತ ಕೇಳಿದ. ಹೊರಡುವ ಮುನ್ನ ಇನ್ನೊಂದು ಮಾತನ್ನೂ ಸೇರಿಸಿದ: ಗಲ್ಫ್‌ನಲ್ಲಿದ್ದ ಸೋದರಮಾವ ಪ್ರವೇಶದ ಸಮಯದಲ್ಲಿ ಒಂದೂವರೆ ಲಕ್ಷ ಕೊಟ್ಟಿದ್ದರು, ಅದಕ್ಕೆ ಬಡ್ಡಿಯಿಲ್ಲವಾದ್ದರಿಂದ ಅದರ ಚಿಂತೆಯಿಲ್ಲ.

ನಾನು ಆಲಿಮ್ ಅಲ್ಲ. ಜಮಾಅತಿನ ಶಿಕ್ಷಣ ನೆರವು ಸಮಿತಿಯಲ್ಲಿ ಕೆಲವು ವರ್ಷಗಳಿಂದ ಲೆಕ್ಕ ಬರೆಯುತ್ತಿರುವವನು. ಆತ ಕೇಳಿದ್ದು ಕೂಡ ಫತ್ವಾ ಅಲ್ಲ, ಲೆಕ್ಕ. ಬಡ್ಡಿ ಹರಾಮ್ ಎಂಬ ಒಂದೇ ಮಾತಿನಲ್ಲಿ ಆತನನ್ನು ಕಳುಹಿಸಿಬಿಡಬಹುದಿತ್ತು. ಆದರೆ ಆ ಮಾತು ಆತನಿಗೆ ಗೊತ್ತಿಲ್ಲದ್ದೇನೂ ಅಲ್ಲ. ನಮ್ಮ ಯುವಕರು ಕೇಳುವ ಪ್ರಶ್ನೆಗಳಿಗೆ ಅವರದೇ ಭಾಷೆಯಲ್ಲಿ ಉತ್ತರಿಸದೆ ನಾವು ಎಷ್ಟು ಜನರನ್ನು ಮಸೀದಿಯ ಜಗಲಿಯಿಂದ ಬರಿಗೈಯಲ್ಲಿ ಕಳುಹಿಸಿಲ್ಲ! ಆದ್ದರಿಂದ ಮೊದಲು ಲೆಕ್ಕವನ್ನೇ ನೋಡೋಣ.

ಹತ್ತು ಲಕ್ಷ ಸಾಲ, ಶೇಕಡಾ 10 ಬಡ್ಡಿ, ಹತ್ತು ವರ್ಷಗಳ ಅವಧಿ. ತಿಂಗಳ ಕಂತು ಸುಮಾರು 13,215 ರೂಪಾಯಿ. ಹತ್ತು ವರ್ಷ ಕಟ್ಟಿದರೆ ಒಟ್ಟು 15.86 ಲಕ್ಷ, ಅದರಲ್ಲಿ 5.86 ಲಕ್ಷ ಬಡ್ಡಿ. ಕಂತಿನ ಜೊತೆಗೆ ಪ್ರತಿ ತಿಂಗಳೂ ಹತ್ತು ಸಾವಿರ ಹೆಚ್ಚಾಗಿ ಕಟ್ಟಿದರೆ ಸಾಲವು 54 ತಿಂಗಳಲ್ಲಿ, ಅಂದರೆ ನಾಲ್ಕೂವರೆ ವರ್ಷಗಳಲ್ಲಿ ಮುಗಿಯುತ್ತದೆ. ಬಡ್ಡಿಯು ಸುಮಾರು 2.44 ಲಕ್ಷಕ್ಕೆ ಇಳಿಯುತ್ತದೆ. ಇನ್ನು ಎರಡನೆಯ ದಾರಿ. ಕಂತನ್ನು ಮಾತ್ರ ಕಟ್ಟುತ್ತಾ ಹತ್ತು ಸಾವಿರವನ್ನು ಹತ್ತು ವರ್ಷ ಹೂಡಿ, ಪ್ರತಿ ವರ್ಷವೂ ಶೇಕಡಾ 12 ಬೆಳವಣಿಗೆ ಸಿಕ್ಕರೆ ಕೊನೆಯಲ್ಲಿ ಸುಮಾರು 23 ಲಕ್ಷ. ಇಲ್ಲಿಗೆ ನಿಲ್ಲಿಸಿದರೆ ಹೂಡಿಕೆಯೇ ಗೆದ್ದಂತೆ ಕಾಣುತ್ತದೆ. ಆತನ ಸಹೋದ್ಯೋಗಿಗಳು ನಿಲ್ಲಿಸಿದ್ದೂ ಇಲ್ಲಿಯೇ.

ಆದರೆ ನಾಲ್ಕೂವರೆ ವರ್ಷಗಳಲ್ಲಿ ಸಾಲ ತೀರಿಸಿದವನು ಉಳಿದ ಐದೂವರೆ ವರ್ಷ ಕೈಕಟ್ಟಿ ಕುಳಿತಿರುವುದಿಲ್ಲ. ಕಂತಿನ 13,215 ಮತ್ತು ಹೆಚ್ಚುವರಿ ಹತ್ತು ಸಾವಿರ ಎರಡನ್ನೂ ಆತ ಅದೇ ಫಂಡಿನಲ್ಲಿ ಹೂಡಿದರೆ, ಅದೇ ಶೇಕಡಾ 12ರಲ್ಲಿ ಹತ್ತನೆಯ ವರ್ಷದ ಕೊನೆಗೆ ಸುಮಾರು 21.7 ಲಕ್ಷ ಸೇರುತ್ತದೆ. ವ್ಯತ್ಯಾಸವು ಒಂದೂಕಾಲು ಲಕ್ಷದ ಆಸುಪಾಸು, ಅದೂ ತೆರಿಗೆಗೆ ಮುನ್ನ. ಷೇರು ಆಧಾರಿತ ಫಂಡುಗಳ ದೀರ್ಘಾವಧಿ ಲಾಭದಲ್ಲಿ ವರ್ಷಕ್ಕೆ 1.25 ಲಕ್ಷವನ್ನು ಮೀರಿದ ಭಾಗಕ್ಕೆ 2024ರ ಜುಲೈಯಿಂದ ಶೇಕಡಾ 12.5 ತೆರಿಗೆಯಿದೆ. ಹೂಡಿಕೆಯ ಲಾಭ ದೊಡ್ಡದಾದಷ್ಟೂ ತೆರಿಗೆಯೂ ದೊಡ್ಡದು. ಹಾಗಾಗಿ ಆ ಒಂದೂಕಾಲು ಲಕ್ಷವೂ ಇನ್ನಷ್ಟು ಕರಗುತ್ತದೆ. ಹತ್ತು ವರ್ಷಗಳ ಕಾಲ ತಂದೆಯ ಹೆಸರನ್ನೂ ಜಾಮೀನುದಾರರ ಹೆಸರನ್ನೂ ಬ್ಯಾಂಕಿನ ಕಡತದಲ್ಲಿ ಇಟ್ಟುಕೊಂಡದ್ದಕ್ಕೆ ಸಿಗುವ ಪ್ರತಿಫಲ ಇಷ್ಟೆ. ಮಾರುಕಟ್ಟೆ ಶೇಕಡಾ 10 ಕೊಟ್ಟರೆ ಎರಡೂ ದಾರಿಗಳು ಸಮ. ಎಂಟು ಕೊಟ್ಟರೆ ಹೂಡಿದವನಿಗೆ ನಷ್ಟ.

ಶೇಕಡಾ 10 ಎಂಬುದು ಬ್ಯಾಂಕಿನ ಮಟ್ಟಿಗೆ ಒಪ್ಪಂದ, ಶೇಕಡಾ 12 ಎಂಬುದು ಹೂಡಿಕೆದಾರನ ಮಟ್ಟಿಗೆ ನಿರೀಕ್ಷೆ. ಈ ಎರಡನ್ನು ಒಂದೇ ತಕ್ಕಡಿಯಲ್ಲಿ ಇಡುವವರು 2020ರ ಮಾರ್ಚ್ 23ನ್ನು ನೆನಪಿಸಿಕೊಳ್ಳಬೇಕು. ಅಂದು ಒಂದೇ ದಿನದಲ್ಲಿ ಸೆನ್ಸೆಕ್ಸ್ ಶೇಕಡಾ 13ರಷ್ಟು ಕುಸಿಯಿತು. ಮಾರುಕಟ್ಟೆ ಮುಂದೆ ಚೇತರಿಸಿಕೊಂಡಿತು ನಿಜ. ಆದರೆ ಅದೇ ತಿಂಗಳುಗಳಲ್ಲಿ ಕೆಲಸ ಕಳೆದುಕೊಂಡು, ಬಿದ್ದ ಬೆಲೆಗೆ ಮಾರಿ ಕಂತು ಕಟ್ಟಬೇಕಾದವನಿಗೆ ಆ ಚೇತರಿಕೆಯಿಂದ ಬಂದದ್ದೇನು?

ಇನ್ನೊಂದು ಸೂಕ್ಷ್ಮವಿದೆ. ಸಾಲ ತೀರಿಸಬೇಡಿ, ಹೂಡಿ ಎಂಬ ಸಲಹೆಯ ಬಹುಪಾಲು ನಮಗೆ ಅಮೆರಿಕದ ಬರಹಗಳಿಂದ ಮತ್ತು ವೀಡಿಯೊಗಳಿಂದ ಬಂದದ್ದು. ಅಲ್ಲಿ 2020-21ರಲ್ಲಿ ಪದವಿ ವಿದ್ಯಾರ್ಥಿಗಳಿಗೆ ಸರ್ಕಾರ ಕೊಟ್ಟ ಸಾಲದ ಬಡ್ಡಿ ಶೇಕಡಾ 2.75 ಆಗಿತ್ತು. ಆ ದರದಲ್ಲಿ ಸಾಲ ಪಡೆದವನಿಗೆ ಹೇಳಿದ ಮಾತನ್ನು ಶೇಕಡಾ 10 ಕಟ್ಟುವವನು ತನಗೆ ಅನ್ವಯಿಸಿಕೊಳ್ಳುವುದು, ನೆರೆಮನೆಯವನಿಗೆ ವೈದ್ಯರು ಬರೆದುಕೊಟ್ಟ ಮದ್ದನ್ನು ತಾನು ಕುಡಿದಂತೆ.

ತೆರಿಗೆ ವಿನಾಯಿತಿಯ ವಾದವನ್ನೂ ನ್ಯಾಯವಾಗಿ ನೋಡಬೇಕು. ಆದಾಯ ತೆರಿಗೆ ಕಾಯಿದೆಯ 80ಇ ಕಲಮಿನಂತೆ ಶಿಕ್ಷಣ ಸಾಲದ ಬಡ್ಡಿಯನ್ನು ಎಂಟು ವರ್ಷಗಳವರೆಗೆ ಆದಾಯದಿಂದ ಕಳೆಯಬಹುದಿತ್ತು. ಅಸಲಿಗೆ ಈ ಸೌಲಭ್ಯವಿಲ್ಲ. ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡ, ಶೇಕಡಾ 30ರ ಹಂತದಲ್ಲಿರುವ ವ್ಯಕ್ತಿಗೆ ಇದರಿಂದ ಬಡ್ಡಿಯ ಹೊರೆ ಶೇಕಡಾ 7ಕ್ಕೆ ಸಮೀಪಿಸುತ್ತದೆ. ಹೊಸ ಪದ್ಧತಿಯಲ್ಲಿ ಈ ವಿನಾಯಿತಿಯೇ ಇಲ್ಲ, ಮತ್ತು ಈಗ ಬೇರೇನೂ ಹೇಳದಿದ್ದರೆ ಹೊಸ ಪದ್ಧತಿಯೇ ಅನ್ವಯವಾಗುತ್ತದೆ. ಆ ಯುವಕ ಇರುವುದು ಹೊಸ ಪದ್ಧತಿಯಲ್ಲಿ. ಆದರೂ ವಿನಾಯಿತಿಯ ಮಾತನ್ನು ಆತ ಎರಡು ಬಾರಿ ಆಡಿದ. ಅಷ್ಟಕ್ಕೂ, ನೂರು ರೂಪಾಯಿ ಬಡ್ಡಿ ಕಟ್ಟಿ ಮೂವತ್ತು ರೂಪಾಯಿ ತೆರಿಗೆ ಉಳಿಸುವವನ ಕೈಯಿಂದ ಎಪ್ಪತ್ತು ರೂಪಾಯಿ ಹೋಗಿಯೇ ಇರುತ್ತದೆ.

ಲೆಕ್ಕದ ಮಾತು ಇಲ್ಲಿಗೆ ಸಾಕು. ಹಲಾಲ್ ಫಂಡಿನಲ್ಲಿ ಹೂಡಿದರೆ ತಪ್ಪೇನು ಎಂಬ ಆತನ ಪ್ರಶ್ನೆಗೆ ಬರೋಣ.

ಹೂಡಿಕೆಯಲ್ಲಿ ತಪ್ಪಿಲ್ಲ. ಅಲ್ಲಾಹನು ವ್ಯಾಪಾರವನ್ನು ಧರ್ಮಬದ್ಧಗೊಳಿಸಿ ಬಡ್ಡಿಯನ್ನು ನಿಷೇಧಿಸಿದ್ದಾನೆ ಎಂಬುದು ಪವಿತ್ರ ಕುರ್‌ಆನಿನ ಸ್ಪಷ್ಟ ನಿಲುವು (2:275). ಷೇರು ಎಂದರೆ ಒಂದು ಉದ್ಯಮದ ಪಾಲು. ಲಾಭ ನಷ್ಟಗಳೆರಡರಲ್ಲೂ ಭಾಗಿಯಾಗುವುದು. ಬ್ಯಾಂಕು, ಮದ್ಯ, ಜೂಜು ಮುಂತಾದ ವ್ಯವಹಾರಗಳನ್ನು ಮತ್ತು ಬಡ್ಡಿಯ ಸಾಲದಲ್ಲಿ ಮುಳುಗಿದ ಕಂಪೆನಿಗಳನ್ನು ಹೊರಗಿಟ್ಟು ರೂಪಿಸಿದ ಸೂಚ್ಯಂಕಗಳು ನಮ್ಮ ದೇಶದಲ್ಲಿಯೇ ಇವೆ. ನಿಫ್ಟಿ 50 ಶರೀಅ ಸೂಚ್ಯಂಕ ಅವುಗಳಲ್ಲೊಂದು. ಟಾಟಾ ಎಥಿಕಲ್ ಫಂಡ್ 1996ರಿಂದ ನಡೆದುಬಂದಿದೆ. ಕಂಪೆನಿಗಳ ಆದಾಯದಲ್ಲಿ ಬೆರೆತ ಅಲ್ಪ ಬಡ್ಡಿಯ ಅಂಶವನ್ನು ಲೆಕ್ಕಹಾಕಿ ದಾನವಾಗಿ ಕೊಟ್ಟು ಶುದ್ಧೀಕರಿಸಿಕೊಳ್ಳಬೇಕೆಂದು ವಿದ್ವಾಂಸರು ಹೇಳುತ್ತಾರೆ. ಇದನ್ನೆಲ್ಲ ಗಮನಿಸಿ ಹೂಡುವವನನ್ನು ನಾನು ಆಕ್ಷೇಪಿಸಲಾರೆ.

ಹಲಾಲ್ ಎಂಬ ಹೆಸರಿನ ಫಲಕ ಹಾಕಿಕೊಂಡ ಎಲ್ಲವೂ ಹಲಾಲ್ ಆಗುವುದಿಲ್ಲ ಎಂಬುದನ್ನಂತೂ ಕರ್ನಾಟಕದ ಮುಸ್ಲಿಮರಿಗೆ ಬಿಡಿಸಿ ಹೇಳಬೇಕಿಲ್ಲ. 2019ರಲ್ಲಿ ಬೆಂಗಳೂರಿನ ಐಎಂಎ ಕುಸಿದಾಗ ಪ್ರತಿ ತಿಂಗಳೂ ಲಾಭಾಂಶ ಎಂಬ ಭರವಸೆಗೆ ಮರುಳಾಗಿ ಮಗಳ ಮದುವೆಯ ಹಣವನ್ನೂ ಹಜ್ಜ್‌ನ ಹಣವನ್ನೂ ಇಟ್ಟವರು ಬೀದಿಯಲ್ಲಿ ನಿಂತರು.

ಹಾಗಾದರೆ ತೊಡಕು ಎಲ್ಲಿದೆ? ಹೂಡಿಕೆಯಲ್ಲಿ ಅಲ್ಲ, ಹೂಡುವ ಹಣದ ಹಿಂದೆ ಇದೆ. ಆ ಯುವಕನಿಗೆ ನಾನು ಒಂದೇ ಒಂದು ಪ್ರಶ್ನೆ ಕೇಳಿದೆ. ನಿನ್ನ ಮೇಲೆ ಈಗ ಯಾವ ಸಾಲವೂ ಇಲ್ಲ ಎಂದಿಟ್ಟುಕೋ. ಫಂಡಿನಲ್ಲಿ ಹೂಡಲಿಕ್ಕೆಂದು ನಾಳೆ ಬ್ಯಾಂಕಿಗೆ ಹೋಗಿ ಶೇಕಡಾ 10 ಬಡ್ಡಿಗೆ ಸಾಲ ತರುವೆಯಾ? ಆತ ತಕ್ಷಣ, ಅಲ್ಲಾಹ್ ಕಾಪಾಡಲಿ, ಖಂಡಿತ ಇಲ್ಲ ಎಂದ. ಆದರೆ ತೀರಿಸಲು ಶಕ್ತನಿದ್ದೂ ತೀರಿಸದೆ ಆ ಹಣವನ್ನು ಹೂಡಿದಾಗ ನಡೆಯುವುದು ಅದೇ. ನಿನ್ನೆಯವರೆಗೆ ಓದಿನ ಸಾಲವಾಗಿದ್ದ ಹತ್ತು ಸಾವಿರ ಇಂದಿನಿಂದ ಹೂಡಿಕೆಗಾಗಿ ಹೊತ್ತುಕೊಂಡ ಸಾಲವಾಗುತ್ತದೆ. ಅರ್ಜಿ ನಮೂನೆಯನ್ನು ಮತ್ತೆ ತುಂಬಲಿಲ್ಲ ಎಂಬುದಷ್ಟೇ ವ್ಯತ್ಯಾಸ.

ಬಡ್ಡಿಯ ಸೂಕ್ತಗಳಲ್ಲಿ ಅಲ್ಲಾಹ್ ಮತ್ತು ಅವನ ಸಂದೇಶವಾಹಕರ ಕಡೆಯಿಂದ ಯುದ್ಧಘೋಷಣೆಯಿದೆ ಎಂಬ ಕಠೋರ ಎಚ್ಚರಿಕೆಯನ್ನು (2:279) ನಾವು ಸಾಮಾನ್ಯವಾಗಿ ಇಂತಹ ಯುವಕರ ಮುಂದೆ ಓದುತ್ತೇವೆ. ಆದರೆ ಆ ಸೂಕ್ತದ ನೇರ ಸಂಬೋಧನೆ ಬಡ್ಡಿ ವಸೂಲಿ ಮಾಡುವ ಧನಿಕನಿಗೆ. ಅಸಲನ್ನು ಮಾತ್ರ ಪಡೆಯಿರಿ, ನೀವೂ ಅನ್ಯಾಯ ಮಾಡಬೇಡಿ, ನಿಮ್ಮ ಮೇಲೂ ಅನ್ಯಾಯವಾಗದಿರಲಿ ಎಂದು ಅದೇ ಸೂಕ್ತ ಮುಂದುವರಿಯುತ್ತದೆ. ಕಾಲೇಜಿನ ಶುಲ್ಕ ಕಟ್ಟಲಾಗದೆ ಬ್ಯಾಂಕಿನ ಬಾಗಿಲು ತಟ್ಟಿದ ಹದಿನೆಂಟರ ಹುಡುಗ ಆ ಧನಿಕನಲ್ಲ. ಬಡ್ಡಿ ಪಡೆಯುವವನ ಜೊತೆಗೆ ಕೊಡುವವನನ್ನೂ, ಅದನ್ನು ಬರೆಯುವವನನ್ನೂ, ಸಾಕ್ಷಿಗಳನ್ನೂ ಪ್ರವಾದಿ(ಸ)ರು ಶಪಿಸಿದ್ದಾರೆಂಬ ಹಝ್ರತ್ ಜಾಬಿರ್(ರ)ರ ವರದಿ ಸಹೀಹ್ ಮುಸ್ಲಿಮ್‌ನಲ್ಲಿದೆ. ಆದ್ದರಿಂದ ಕೊಡುವವನೂ ನಿರಾತಂಕವಾಗಿರುವಂತಿಲ್ಲ. ಶಿಕ್ಷಣ ಸಾಲದ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಒಂದು ವಿಭಾಗವು ಇದನ್ನು ಒಪ್ಪುವುದೇ ಇಲ್ಲ. ಬೇರೆ ದಾರಿಯೇ ಇಲ್ಲದ ಸಂದರ್ಭದಲ್ಲಿ ಅನಿವಾರ್ಯತೆಯ ನೆಲೆಯಲ್ಲಿ ಕೆಲವರು ರಿಯಾಯಿತಿ ನೀಡಿದ್ದಾರೆ. ನಾನು ಆ ಚರ್ಚೆಗೆ ಇಳಿಯುವುದಿಲ್ಲ. ಆದರೆ ರಿಯಾಯಿತಿ ನೀಡಿದವರೂ ಒಪ್ಪುವ ಒಂದು ಫಿಕ್ಹ್ ತತ್ವವಿದೆ: ಅನಿವಾರ್ಯತೆಗಾಗಿ ಅನುಮತಿಸಲಾದುದು ಆ ಅನಿವಾರ್ಯತೆಯ ಪ್ರಮಾಣಕ್ಕೆ ಸೀಮಿತ. ಓದು ಮುಗಿದು, ಸಂಬಳ ಬಂದು, ಕೈಯಲ್ಲಿ ತಿಂಗಳಿಗೆ ಹತ್ತು ಸಾವಿರ ಉಳಿಯತೊಡಗಿದ ದಿನ ಆ ಹತ್ತು ಸಾವಿರದ ಮಟ್ಟಿಗೆ ಅನಿವಾರ್ಯತೆ ಮುಗಿದಿದೆ. ಸಾಲ ಪಡೆದಾಗ ಸಿಕ್ಕ ರಿಯಾಯಿತಿಯನ್ನು ಸಾಲ ಉಳಿಸಿಕೊಳ್ಳಲು ಬಳಸುವಂತಿಲ್ಲ.

ಸಾಲ ಇಟ್ಟುಕೊಂಡು ಹೂಡುವುದನ್ನು ಸಮರ್ಥಿಸುವವರು ಒಂದು ಉದಾಹರಣೆ ಕೊಡಬಹುದು. ಹಝ್ರತ್ ಝುಬೈರ್ ಬಿನ್ ಅವ್ವಾಮ್(ರ)ರ ಉದಾಹರಣೆ. ಸ್ವರ್ಗದ ಸುವಾರ್ತೆ ಪಡೆದ ಹತ್ತು ಸಹಾಬಿಗಳಲ್ಲಿ ಅವರೊಬ್ಬರು. ಅವರು ನಿಧನರಾದಾಗ ಅವರ ಮೇಲಿದ್ದ ಸಾಲ 22 ಲಕ್ಷ. ನಗದು ಏನೂ ಇರಲಿಲ್ಲ, ಆದರೆ ಭೂಮಿಯಿತ್ತು. ಮದೀನಾದಲ್ಲಿ ಹನ್ನೊಂದು ಮನೆಗಳು, ಬಸ್ರಾದಲ್ಲಿ ಎರಡು, ಕೂಫಾ ಮತ್ತು ಈಜಿಪ್ಟಿನಲ್ಲಿ ಒಂದೊಂದು ಮನೆಯಿತ್ತು. 1,70,000ಕ್ಕೆ ಖರೀದಿಸಿದ್ದ ಗಾಬಾ ಎಂಬ ಭೂಮಿ 16 ಲಕ್ಷಕ್ಕೆ ಮಾರಾಟವಾಯಿತೆಂದು ಸಹೀಹ್ ಬುಖಾರಿಯ ವರದಿ ಹೇಳುತ್ತದೆ. ಸಾಲ ತೀರಿಸದೆ ಹೂಡಿ ಗೆದ್ದವರಿಗೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕೇ?

ಆದರೆ ಆ ವರದಿಯನ್ನು ಪೂರ್ತಿ ಓದಬೇಕು. ಅವರ ಸಾಲವು ಬಡ್ಡಿಯದ್ದಾಗಿರಲಿಲ್ಲ. ಜನರು ತಮ್ಮ ಹಣವನ್ನು ಅಮಾನತ್ತಾಗಿ ಇಡಲು ಅವರಲ್ಲಿಗೆ ಬರುತ್ತಿದ್ದರು. ಅಮಾನತ್ತು ಕಳೆದುಹೋದರೆ ಇಟ್ಟವನಿಗೆ ನಷ್ಟವಾದೀತೆಂದು ಹೆದರಿ, ಇದು ಅಮಾನತ್ತಲ್ಲ, ನನ್ನ ಮೇಲಿನ ಸಾಲ ಎಂದು ಅವರೇ ಹೊಣೆ ಹೊತ್ತುಕೊಳ್ಳುತ್ತಿದ್ದರು. ಹೊರಬೇಕಾಗಿಲ್ಲದ ಹೊಣೆಯನ್ನು ಹಣದ ಒಡೆಯನ ರಕ್ಷಣೆಗಾಗಿ ಹೊತ್ತರು. ಜಮಲ್ ಯುದ್ಧದ ದಿನ, ತಾನು ಬದುಕಿ ಉಳಿಯಲಾರೆ ಎನಿಸಿದಾಗ ಅವರು ಮಗ ಅಬ್ದುಲ್ಲಾ(ರ)ರನ್ನು ಕರೆದು, ತನ್ನ ಅತಿದೊಡ್ಡ ಚಿಂತೆ ಈ ಸಾಲ ಎಂದರು. ಎಲ್ಲವನ್ನೂ ಮಾರಿ ತೀರಿಸು. ಅಶಕ್ತನಾದರೆ ನನ್ನ ಯಜಮಾನನ ನೆರವು ಕೇಳು ಎಂದು ಹೇಳಿದರು. ಯಾರು ಆ ಯಜಮಾನ ಎಂದು ಮಗ ಕೇಳಿದಾಗ, ಅಲ್ಲಾಹ್ ಎಂದರು. ಅಬ್ದುಲ್ಲಾ(ರ)ರು ಸಾಲ ತೀರಿಸಿದ ಬಳಿಕವೂ ಸಹೋದರರಿಗೆ ಆಸ್ತಿ ಹಂಚಲಿಲ್ಲ. ನಾಲ್ಕು ವರ್ಷಗಳ ಕಾಲ ಹಜ್ಜ್‌ನ ಸಮಯದಲ್ಲಿ, ಝುಬೈರ್‌ರಿಂದ ಬರಬೇಕಾದುದಿದ್ದರೆ ಬನ್ನಿ ಎಂದು ಘೋಷಿಸುತ್ತಿದ್ದರು. ಆಮೇಲಷ್ಟೇ ಹಂಚಿದರು. ಅಷ್ಟೊಂದು ಆಸ್ತಿಯ ಒಡೆಯನಿಗೆ ರಣರಂಗದಲ್ಲಿ ನೆನಪಾದದ್ದು ಗಾಬಾದ ಬೆಲೆ ಏರಿದ್ದಲ್ಲ.

ಈ ಘಟನೆ ನನ್ನನ್ನು ಆ ಯುವಕನ ಕೊನೆಯ ಮಾತಿಗೆ, ಸೋದರಮಾವನ ಒಂದೂವರೆ ಲಕ್ಷಕ್ಕೆ ಕರೆದೊಯ್ಯುತ್ತದೆ. ಸತ್ಯ ಹೇಳುವುದಾದರೆ ನನಗೆ ಬ್ಯಾಂಕಿನ ಹತ್ತು ಲಕ್ಷಕ್ಕಿಂತ ಹೆಚ್ಚು ಕಳವಳ ತಂದದ್ದು ಇದು. ಯಾವಾಗ ಕೊಡುತ್ತೇನೆಂದು ಹೇಳಿದ್ದೆ ಎಂದು ಕೇಳಿದೆ. ಕೆಲಸ ಸಿಕ್ಕ ಕೂಡಲೇ ಎಂದು ಹೇಳಿದ್ದನಂತೆ. ಕೆಲಸ ಸಿಕ್ಕಿ ಒಂದು ವರ್ಷ ದಾಟಿದೆ. ಆ ಬಳಿಕ ಮಾತಾಡಿದ್ದೀಯಾ? ಇಲ್ಲ, ಅವರು ಕೇಳಲಿಲ್ಲ. ಮಾವ ಈಗ ಎಲ್ಲಿದ್ದಾರೆ? ಗಲ್ಫ್‌ನ ಕೆಲಸ ಬಿಟ್ಟು ಊರಿಗೆ ಬಂದಿದ್ದಾರೆ.

ನಮ್ಮ ಸಮುದಾಯದಲ್ಲಿ ಇದು ಒಬ್ಬನ ಕತೆಯಲ್ಲ. ಬ್ಯಾಂಕಿನ ಕಂತು ಒಂದು ದಿನ ತಪ್ಪಿದರೆ ಸಂದೇಶ ಬರುತ್ತದೆ, ಸಿಬಿಲ್ ಅಂಕ ಇಳಿಯುತ್ತದೆ, ಜಾಮೀನುದಾರರಿಗೆ ನೋಟಿಸು ಹೋಗುತ್ತದೆ. ಮಾವನಿಗೆ ಸಂಕೋಚ. ತಂಗಿಯ ಮಗನನ್ನು ಹಣ ಕೇಳುವುದು ಹೇಗೆ ಎಂದು ಸುಮ್ಮನಿರುತ್ತಾರೆ. ಬಡ್ಡಿ ಕೇಳುವವನಿಗೆ ಮೊದಲು, ಅಲ್ಲಾಹನ ಸಂಪ್ರೀತಿಗಾಗಿ ಕೊಟ್ಟವನಿಗೆ ಕೊನೆಗೆ! ಶಕ್ತನಾದವನು ಸಾಲ ತೀರಿಸಲು ಸತಾಯಿಸುವುದು ಅನ್ಯಾಯ ಎಂದು ಪ್ರವಾದಿ(ಸ)ರು ಹೇಳಿರುವುದು ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಅಲ್ಲಿ ಬಡ್ಡಿಯ ಸಾಲ, ಬಡ್ಡಿಯಿಲ್ಲದ ಸಾಲ ಎಂಬ ಭೇದವಿಲ್ಲ. ಇಕ್ಕಟ್ಟಿನಲ್ಲಿರುವ ಸಾಲಗಾರನಿಗೆ ಕಾಲಾವಕಾಶ ಕೊಡಿ ಎಂಬ ಆದೇಶ (2:280) ಇಕ್ಕಟ್ಟಿನಲ್ಲಿರುವವನಿಗೇ ಹೊರತು, ಮಿಕ್ಕ ಹಣವನ್ನು ಯಾವ ಫಂಡಿಗೆ ಹಾಕಲಿ ಎಂದು ಯೋಚಿಸುತ್ತಿರುವವನಿಗಲ್ಲ. ಸಾಲಗಾರನೊಬ್ಬನ ಜನಾಝ ಬಂದಾಗ ಅದನ್ನು ತೀರಿಸುವ ಹೊಣೆಯನ್ನು ಹಝ್ರತ್ ಅಬೂ ಕತಾದ(ರ) ವಹಿಸಿಕೊಳ್ಳುವವರೆಗೆ ಪ್ರವಾದಿ(ಸ)ರು ನಮಾಝಿಗೆ ಮುಂದಾಗಲಿಲ್ಲ. ಆ ಸಮಾಜದಲ್ಲಿ ಬಡ್ಡಿ ನಿಷಿದ್ಧವಾಗಿತ್ತು; ಅಂದರೆ ತಡೆಹಿಡಿದದ್ದು ಬಡ್ಡಿಯಿಲ್ಲದ ಸಾಲವೇ.

ಹಾಗೆಂದು, ಮಾವನಿಗೆ ಮೊದಲು ಕೊಟ್ಟು ಮುಗಿಸಿ ಆಮೇಲೆ ಬ್ಯಾಂಕು ಎಂದೂ ನಾನು ಹೇಳುವುದಿಲ್ಲ. ಬ್ಯಾಂಕಿನದು ದಿನದಿನವೂ ಬೆಳೆಯುವ ಸಾಲ. ಮಾವ ಮನಃಪೂರ್ವಕವಾಗಿ ಸಮಯ ಕೊಟ್ಟರೆ ಬ್ಯಾಂಕನ್ನು ಮೊದಲು ಮುಗಿಸುವುದೇ ಸರಿ. ಆದರೆ ಅದನ್ನು ಅವರೊಂದಿಗೆ ಕುಳಿತು ಕೇಳಬೇಕು, ಅವರ ಮೌನವನ್ನು ಒಪ್ಪಿಗೆಯೆಂದು ತಿಳಿಯಬಾರದು. ಸಾಲವನ್ನು ಬರೆದಿಡಿ ಎಂದು ಆದೇಶಿಸುವ ಸೂಕ್ತವೇ (2:282) ಕುರ್‌ಆನಿನ ಅತಿ ದೀರ್ಘ ಸೂಕ್ತ. ಮಾವ ಸೋದರಳಿಯನ ನಡುವೆ ಬರವಣಿಗೆ ಯಾಕೆ ಎಂದು ನಾವು ಮುಜುಗರಪಡುತ್ತೇವೆ.

ಇನ್ನು ಕೈಯಲ್ಲಿದ್ದುದನ್ನೆಲ್ಲ ಬ್ಯಾಂಕಿಗೆ ಸುರಿದು ಬರಿಗೈಯಾಗುವ ಉತ್ಸಾಹವೂ ಬೇಡ. ತಾಯಿಯ ಆಸ್ಪತ್ರೆಯ ಖರ್ಚು ಬಂದಾಗ ಕ್ರೆಡಿಟ್ ಕಾರ್ಡಿನ ಮೊರೆಹೋದರೆ ಶೇಕಡಾ 10ರ ಬಡ್ಡಿಯಿಂದ ತಪ್ಪಿಸಿಕೊಂಡು ಅದರ ಮೂರು ನಾಲ್ಕು ಪಟ್ಟು ಬಡ್ಡಿಯಲ್ಲಿ ಬಿದ್ದಂತೆ. ಹೆತ್ತವರ, ಹೆಂಡತಿ ಮಕ್ಕಳ ಪೋಷಣೆ ಕಡ್ಡಾಯ ಹೊಣೆ. ಅದನ್ನು ಮೊಟಕುಗೊಳಿಸಿ ಸಾಲ ತೀರಿಸಬೇಕೆಂದು ಯಾರೂ ಹೇಳುವುದಿಲ್ಲ. ಮೂರು ನಾಲ್ಕು ತಿಂಗಳ ಖರ್ಚಿನಷ್ಟು ತೆಗೆದಿಟ್ಟು ಉಳಿದುದನ್ನು ಸಾಲಕ್ಕೆ ಕಟ್ಟಲಿ. ಕಟ್ಟುವಾಗ ಹೆಚ್ಚುವರಿ ಹಣವನ್ನು ಅಸಲಿಗೆ ಜಮಾ ಮಾಡಿ, ಕಂತನ್ನು ಇಳಿಸದೆ ಅವಧಿಯನ್ನು ಇಳಿಸಿ ಎಂದು ಬ್ಯಾಂಕಿಗೆ ಲಿಖಿತವಾಗಿ ತಿಳಿಸಬೇಕು. ಇಲ್ಲದಿದ್ದರೆ ಅದು ಮುಂದಿನ ಕಂತಿನ ಮುಂಗಡವಾಗಿ ಕುಳಿತುಬಿಡಬಹುದು. ಬದಲಾಗುವ ಬಡ್ಡಿದರದ ವೈಯಕ್ತಿಕ ಸಾಲಗಳನ್ನು ಬೇಗ ತೀರಿಸಿದರೆ ಬ್ಯಾಂಕುಗಳು ದಂಡ ವಿಧಿಸುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2014ರಲ್ಲೇ ಹೇಳಿದೆ. ಈಗ ಓದುತ್ತಿರುವವರಿಗೊಂದು ಮಾತು: ಓದಿನ ಅವಧಿಯಲ್ಲಿ ಸರಳ ಬಡ್ಡಿ ಸೇರುತ್ತಾ ಹೋಗಿ, ಕಂತು ಆರಂಭವಾಗುವಾಗ ಅದು ಅಸಲಿಗೆ ಬೆರೆಯುತ್ತದೆ. ಏಳೂವರೆ ಲಕ್ಷ ಹತ್ತು ಲಕ್ಷವಾದದ್ದು ಹೀಗೆಯೇ. ರಜೆಯಲ್ಲಿ ದುಡಿದ ಎರಡು ಸಾವಿರವನ್ನಾದರೂ ಆಗಲೇ ಕಟ್ಟಿದರೆ ಅಷ್ಟು ಭಾರ ಕಡಿಮೆಯಾಗುತ್ತದೆ.

ತೆಗೆದಿಟ್ಟ ಹಣವು ನಿಸಾಬ್ ತಲುಪಿದರೆ ಝಕಾತಿನ ಪ್ರಶ್ನೆ ಬರುತ್ತದೆ. ಕರಾವಳಿಯಲ್ಲಿ ಹೆಚ್ಚಾಗಿರುವ ಶಾಫಿಈ ಮದ್‌ಹಬಿನ ಪ್ರಬಲ ಅಭಿಪ್ರಾಯದಂತೆ ಸಾಲವು ಝಕಾತಿಗೆ ಅಡ್ಡಿಯಲ್ಲ. ಹನಫಿಗಳಲ್ಲಿ ಸಾಲವನ್ನು ಕಳೆದು ಉಳಿದುದಕ್ಕೆ ಝಕಾತ್. ಹತ್ತು ವರ್ಷಗಳ ಸಾಲವನ್ನೆಲ್ಲ ಒಮ್ಮೆಗೇ ಕಳೆಯಬಹುದೇ, ಆ ವರ್ಷದ ಕಂತನ್ನು ಮಾತ್ರವೇ ಎಂಬುದನ್ನು ನಿಮ್ಮ ಮದ್‌ಹಬಿನ ಆಲಿಮ್‌ಗಳಲ್ಲಿ ಕೇಳಿ ತಿಳಿಯಿರಿ.

ಯುವಕನಿಗೆ ಇಷ್ಟು ಹೇಳಿ ಮನೆಗೆ ಬಂದ ಮೇಲೆ ಒಂದು ಮುಜುಗರ ನನ್ನನ್ನು ಬಿಡಲಿಲ್ಲ. ಐದು ವರ್ಷಗಳ ಹಿಂದೆ ಈತ ಬ್ಯಾಂಕಿಗೆ ಹೋಗುವಾಗ ನಾವು ಎಲ್ಲಿದ್ದೆವು? ಸಮಿತಿಯ ಹಳೆಯ ಪುಸ್ತಕವನ್ನು ತೆರೆದು ನೋಡಿದೆ. ಈತನ ತಂದೆಯ ಅರ್ಜಿ ಇತ್ತು. ನಿಧಿಯಲ್ಲಿ ಹಣವಿಲ್ಲ ಎಂದು ಹಿಂದಿರುಗಿಸಲಾಗಿತ್ತು. ಹಣ ಯಾಕಿರಲಿಲ್ಲ ಎಂಬುದಕ್ಕೂ ಅದೇ ಪುಸ್ತಕದಲ್ಲಿ ಉತ್ತರವಿದೆ. ನಮ್ಮಿಂದ ಬಡ್ಡಿರಹಿತ ಸಾಲ ಪಡೆದು ಓದಿದವರಲ್ಲಿ ಹಲವರು ಉದ್ಯೋಗದಲ್ಲಿದ್ದಾರೆ, ಕೆಲವರು ಮನೆ ಕಟ್ಟಿಸಿದ್ದಾರೆ. ಹಿಂದಿರುಗಿಸುವುದನ್ನು ಮಾತ್ರ ಮುಂದೂಡುತ್ತಾ ಬಂದಿದ್ದಾರೆ. ಬಡ್ಡಿಯಿಲ್ಲವಲ್ಲ, ಚಿಂತೆಯಿಲ್ಲ! ಅವರು ಉಳಿಸಿಕೊಂಡ ಹಣದ ಬಡ್ಡಿಯನ್ನು ಈ ಹುಡುಗ ಬ್ಯಾಂಕಿಗೆ ಕಟ್ಟುತ್ತಿದ್ದಾನೆ.

ಸರ್ಕಾರದ ಕಡೆಯ ಬಾಗಿಲುಗಳೂ ಕಿರಿದಾಗುತ್ತಿವೆ. ವಿದೇಶದಲ್ಲಿ ಓದುವ ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಸಾಲದ ಬಡ್ಡಿಯನ್ನು ಕೇಂದ್ರ ಸರ್ಕಾರ ಭರಿಸುತ್ತಿದ್ದ ಪಢೋ ಪರ್‌ದೇಶ್ ಯೋಜನೆ 2022ರಲ್ಲಿ ನಿಂತುಹೋಯಿತು. ನಮ್ಮ ರಾಜ್ಯದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಯೋಜನೆಯಲ್ಲಿ ವೃತ್ತಿಪರ ಶಿಕ್ಷಣಕ್ಕೆ ಶೇಕಡಾ 2ರ ಸೇವಾ ಶುಲ್ಕದಲ್ಲಿ ಸಾಲ ಸಿಗುತ್ತದೆ. ಬ್ಯಾಂಕಿಗೆ ಹೋಗುವ ಮುನ್ನ ಅಲ್ಲಿ ವಿಚಾರಿಸದವರು ಇಂದಿಗೂ ನಮ್ಮಲ್ಲಿ ಬಹಳ. ಅದನ್ನು ಪಡೆದವರು ಮರಳಿಸದಿದ್ದರೂ ನಷ್ಟವಾಗುವುದು ಮುಂದಿನ ವರ್ಷ ಅದೇ ಸಾಲಿನಲ್ಲಿ ನಿಲ್ಲುವ ವಿದ್ಯಾರ್ಥಿಗೆ. ಬ್ರಿಟನ್ನಿನ ಮುಸ್ಲಿಮ್ ವಿದ್ಯಾರ್ಥಿಗಳ ಅನುಭವವೂ ಇಲ್ಲಿ ನೆನಪಾಗುತ್ತದೆ. ಬಡ್ಡಿಯಿಲ್ಲದ ವಿದ್ಯಾರ್ಥಿ ನೆರವಿನ ಬಗ್ಗೆ ಅಲ್ಲಿನ ಸರ್ಕಾರ 2014ರಲ್ಲಿ ಜನಾಭಿಪ್ರಾಯ ಕೇಳಿತು, 2017ರಲ್ಲಿ ಕಾನೂನಿನಲ್ಲಿ ಅವಕಾಶವನ್ನೂ ಕಲ್ಪಿಸಿತು. ಆ ಬಳಿಕ ವರ್ಷಗಟ್ಟಲೆ ಕಾದರೂ ನೆರವು ಜಾರಿಗೆ ಬರಲಿಲ್ಲ. ಸರ್ಕಾರಗಳನ್ನು ಕೇಳುತ್ತಲೇ ಇರಬೇಕು, ಸರಿ. ಆದರೆ ಒಂದು ಊರಿನ ಜಮಾಅತಿಗೆ ತನ್ನ ಹತ್ತು ಮಕ್ಕಳನ್ನು ಬಡ್ಡಿಯಿಂದ ಉಳಿಸಲು ಕಾನೂನು ಬೇಕಿಲ್ಲ. ಮದುವೆಯ ಸಭಾಂಗಣದ ಒಂದು ರಾತ್ರಿಯ ವಿದ್ಯುದ್ದೀಪದ ಅಲಂಕಾರಕ್ಕೆ ನಾವು ಮಾಡುವ ಖರ್ಚನ್ನು ನೋಡಿದರೆ ಹಣವಿಲ್ಲ ಎಂಬ ಷರಾ ಬರೆಯಲು ಕೈ ಬರಬಾರದಿತ್ತು. ಬರೆದದ್ದು ನನ್ನದೇ ಕೈ.

ಕಳೆದ ವಾರ ಆ ಯುವಕ ಫೋನ್ ಮಾಡಿದ. ಊರಿಗೆ ಬಂದು ಮಾವನ ಮನೆಗೆ ಹೋಗಿದ್ದನಂತೆ. ಬ್ಯಾಂಕಿನದು ಮುಗಿಸು, ನನ್ನದು ಆಮೇಲೆ ನೋಡೋಣ ಎಂದು ಮಾವ ಮೊದಲು ಹೇಳಿದರಂತೆ. ಮಾವನ ಮನೆಯವರು ಚಹಾ ತಂದಿಟ್ಟು, ಮಗಳ ಕಾಲೇಜಿನ ಶುಲ್ಕ ಜೂನ್‌ನಲ್ಲಿ ಕಟ್ಟಬೇಕಲ್ಲ ಎಂದು ಮೆಲ್ಲನೆ ಹೇಳಿದಾಗ ಈತನಿಗೆ ಅರ್ಥವಾಯಿತು. ಮಾವನಿಗೆ ತಿಂಗಳಿಗೆ ಐದು ಸಾವಿರ, ಬ್ಯಾಂಕಿಗೆ ಕಂತಿನ ಮೇಲೆ ಐದು ಸಾವಿರ ಎಂದು ಒಪ್ಪಂದವಾಗಿದೆ. ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದ್ದಾರೆ. ಲೆಕ್ಕ ಹಾಕಿ ನೋಡಿದೆ. ಮೂವತ್ತು ತಿಂಗಳಲ್ಲಿ ಮಾವನ ಸಾಲ ತೀರುತ್ತದೆ. ಆಮೇಲೆ ಹತ್ತು ಸಾವಿರವೂ ಬ್ಯಾಂಕಿಗೆ ಹೋದರೆ ನಾಲ್ಕೂವರೆಯ ಬದಲು ಐದೂಕಾಲು ವರ್ಷಗಳಲ್ಲಿ ಅದೂ ಮುಗಿಯುತ್ತದೆ. ಫಂಡಿನ ವಿಷಯವನ್ನು ಆತ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಸಮಿತಿಯ ಸಭೆ ಮುಂದಿನ ಭಾನುವಾರ ಇದೆ. ಬಾಕಿ ಉಳಿಸಿಕೊಂಡವರ ಪಟ್ಟಿಯನ್ನು ಈ ಬಾರಿ ಓದಬೇಕೆಂದು ಅಧ್ಯಕ್ಷರಿಗೆ ಬರೆದು ಕೊಟ್ಟಿದ್ದೇನೆ.